ಬಲ್ಲ ನುಡಿಯಲ್ಲಿ ಬಂಧನದ ಕಾರಣ: ಗೋಪಾಲನ್ ಮೊಕದ್ದಮೆಯಿಂದ ಹರಿಕಿಸನ್ ತೀರ್ಪಿನವರೆಗೆ ಮತ್ತು ಆಚೆಗೆ

ಗಡಿನಾಡ ಕನ್ನಡಿಗರು ಮೆಹರ್‌ಚಂದ್ ಮಹಾಜನ್ ಅವರನ್ನು ನೆನೆಯುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗವೂ ಅಕ್ಕಲಕೋಟೆಯೂ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಅವರ ಆಯೋಗವು 1967ರಲ್ಲಿ ವರದಿ ಕೊಟ್ಟಿತು, ವರದಿ ಜಾರಿಯಾಗಲಿಲ್ಲ. ಅದಕ್ಕೆ ಹದಿನೇಳು ವರ್ಷ ಮೊದಲು, ಸರ್ವೋಚ್ಚ ನ್ಯಾಯಾಲಯದ ಮೊದಲ ಆರು ನ್ಯಾಯಮೂರ್ತಿಗಳಲ್ಲಿ ಒಬ್ಬರಾಗಿದ್ದಾಗ, ಅವರು ಬರೆದ ಇನ್ನೊಂದು ಬರಹವೂ ಜಾರಿಯಾಗದೆ ಉಳಿಯಿತು. ಅದು 1950ರ ಮೇ 19ರಂದು ಹೊರಬಿದ್ದ ಎ.ಕೆ. ಗೋಪಾಲನ್ ಮೊಕದ್ದಮೆಯ ಭಿನ್ನ ತೀರ್ಪು. ಮೊದಲನೆಯ ಮಹಾಜನರನ್ನು ಬಲ್ಲವರು ಎರಡನೆಯವರನ್ನು ಅಷ್ಟಾಗಿ ವಿಚಾರಿಸಿಲ್ಲ. ಗಡಿನಾಡಿನ ಭಾಷಿಕ ಅಲ್ಪಸಂಖ್ಯಾತರ ಮಟ್ಟಿಗೆ ಆ ಮೊಕದ್ದಮೆ ಗಡಿಯ ಪ್ರಶ್ನೆಯಷ್ಟೇ ಹತ್ತಿರದ್ದು.

ಗೋಪಾಲನ್ 1947ರ ಡಿಸೆಂಬರಿನಿಂದ ಒಂದಲ್ಲ ಒಂದು ಆದೇಶದ ಮೇಲೆ ಸೆರೆಯಲ್ಲಿದ್ದರು. ಸಂವಿಧಾನ ಜಾರಿಗೆ ಬಂದು ತಿಂಗಳು ತುಂಬುವ ವೇಳೆಗೆ, ಫೆಬ್ರವರಿಯ ಕೊನೆಯಲ್ಲಿ, ಸಂಸತ್ತು ಮುಂಜಾಗ್ರತಾ ಬಂಧನ ಕಾಯ್ದೆಯನ್ನು ಅಂಗೀಕರಿಸಿತು. ಮಸೂದೆ ಮಂಡಿಸಿದ ವಲ್ಲಭಭಾಯಿ ಪಟೇಲರು ಅದಕ್ಕಾಗಿ ನಿದ್ದೆಗೆಟ್ಟ ಮಾತನ್ನು ಸದನದಲ್ಲಿ ಹೇಳಿಕೊಂಡರು. ಕಾಯ್ದೆಯ ಆಯುಸ್ಸು ಒಂದು ವರ್ಷವೆಂದು ಹೇಳಲಾಗಿತ್ತು. ಮತ್ತೆ ಮತ್ತೆ ನವೀಕರಣಗೊಂಡು ಅದು 1969ರ ಕೊನೆಯವರೆಗೆ ಬದುಕಿತು. ಮಾರ್ಚ್ 1ರಂದು ಈ ಹೊಸ ಕಾಯ್ದೆಯ ಆದೇಶವು ಸೆರೆಯಲ್ಲಿಯೇ ಗೋಪಾಲನ್ ಅವರ ಕೈ ಸೇರಿತು. ಅವರು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಎದುರು ಕಕ್ಷಿ ಮದ್ರಾಸ್ ರಾಜ್ಯ, ಅಂದರೆ ಆ ದಿನಗಳಲ್ಲಿ ದಕ್ಷಿಣ ಕನ್ನಡವನ್ನೂ ಅದರ ತೆಂಕಣ ತುದಿಯ ಕಾಸರಗೋಡನ್ನೂ ಆಳುತ್ತಿದ್ದ ರಾಜ್ಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ ಮೇಲೆ 1957, 1962 ಮತ್ತು 1967ರ ಚುನಾವಣೆಗಳಲ್ಲಿ ಆ ಲೋಕಸಭಾ ಕ್ಷೇತ್ರವನ್ನು ಗೆದ್ದವರು ಇದೇ ಗೋಪಾಲನ್.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೂ ಈ ಮೊಕದ್ದಮೆಗೂ ಇರುವ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಗೋಪಾಲನ್ ಪರ ವಾದಿಸಿದ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿ ನಡೆಸಿದ್ದವರು. ಅವರು ಎದುರಿಸಬೇಕಾಗಿ ಬಂದ ಮಾತುಗಳ ಹಿಂದೆ ಇದ್ದವರು ಮಂಗಳೂರಿನಲ್ಲೇ ಹುಟ್ಟಿದ ಬೆನೆಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ‘ಕಾನೂನಿನ ಯುಕ್ತ ಪ್ರಕ್ರಿಯೆ’ ಎಂಬ ಅಮೆರಿಕನ್ ಪದಪುಂಜವು ಚುನಾಯಿತ ಶಾಸಕಾಂಗದ ಮೇಲೆ ನ್ಯಾಯಾಧೀಶರನ್ನು ಕೂರಿಸುತ್ತದೆ ಎಂಬ ಎಚ್ಚರಿಕೆ ಅಲ್ಲಿ ಅವರಿಗೆ ದೊರೆಯಿತು. ಕರಡಿನಿಂದ ಆ ಪದಪುಂಜ ಬಿದ್ದುಹೋಯಿತು. ಜಪಾನಿನ ಸಂವಿಧಾನದ ಜಾಡಿನಲ್ಲಿ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂಬ ಮಾತು 21ನೆಯ ವಿಧಿಯೊಳಗೆ ಬಂದಿತು.

ನಂಬಿಯಾರ್ ಅವರ ವಾದದ ತಿರುಳು ಒಂದು ಶಬ್ದದ ಅರ್ಥವನ್ನು ಕುರಿತದ್ದು. 21ನೆಯ ವಿಧಿಯಲ್ಲಿರುವ ‘ಲಾ’ ಎಂದರೆ ಶಾಸಕಾಂಗ ಮಾಡಿದ ಯಾವುದೇ ಶಾಸನವೋ, ಸಹಜ ನ್ಯಾಯದ ತತ್ತ್ವಗಳನ್ನು ಒಳಗೊಂಡ ಧರ್ಮವೋ? ಲ್ಯಾಟಿನ್ನಿನ ‘ಲೆಕ್ಸ್’ ಮತ್ತು ‘ಜುಸ್’ ಎರಡನ್ನೂ ಇಂಗ್ಲಿಷಿನ ಒಂದೇ ಪದ ಹೊತ್ತು ನಿಂತಿದ್ದರಿಂದ ಈ ಚರ್ಚೆ ಪುಟಗಟ್ಟಲೆ ನಡೆಯಿತು. ಕನ್ನಡದಲ್ಲಿ ಬರೆಯುವವನು ‘ಕಾನೂನು’ ಎನ್ನಬೇಕೋ ‘ನ್ಯಾಯ’ ಎನ್ನಬೇಕೋ ಎಂಬುದನ್ನು ಬರೆಯುವ ಹೊತ್ತಿಗೇ ತೀರ್ಮಾನಿಸಬೇಕಾಗುತ್ತದೆ. ಅನುವಾದಕನು ಮೊದಲ ಸಾಲಿನಲ್ಲೇ ಎದುರಿಸುವ ಆಯ್ಕೆಯನ್ನು ಆರು ಮಂದಿ ನ್ಯಾಯಮೂರ್ತಿಗಳು ತೀರ್ಪಿನಲ್ಲಿ ಎದುರಿಸಿದರು. ಬಹುಮತವು ‘ಕಾನೂನು’ ಎಂದಿತು. ಫಜಲ್ ಅಲಿಯವರು ಒಪ್ಪಲಿಲ್ಲ. ಮಹಾಜನ್ ಬೇರೆ ದಾರಿಯಿಂದ ಹೋಗಿ, ಸಲಹಾ ಮಂಡಳಿಯ ಮುಂದೆ ಇಡದೆಯೇ ಮೂರು ತಿಂಗಳಿಗೂ ಮೀರಿ ಸೆರೆಯಲ್ಲಿಡಲು ಬಿಡುವ 12ನೆಯ ಸೆಕ್ಷನ್ ಸಂವಿಧಾನಕ್ಕೆ ವಿರುದ್ಧವೆಂದರು. ಅರ್ಜಿ ವಜಾ ಆಯಿತು.

ಆದರೆ ಒಂದು ಸೆಕ್ಷನ್ನಿನ ಬಗ್ಗೆ ಆರೂ ಮಂದಿ ಒಂದೇ ಮಾತು ಹೇಳಿದರು. 14ನೆಯ ಸೆಕ್ಷನ್ ಪ್ರಕಾರ ಬಂಧಿತನಿಗೆ ತಿಳಿಸಿದ ಕಾರಣಗಳನ್ನು ಯಾವ ನ್ಯಾಯಾಲಯದ ಮುಂದೆಯೂ ಹೇಳುವಂತಿರಲಿಲ್ಲ. ಅಪ್ಪಣೆಯಿಲ್ಲದೆ ಹೊರಗೆಡಹಿದರೆ ಒಂದು ವರ್ಷದವರೆಗೆ ಸಜೆ. ಅರ್ಜಿದಾರನು ತನ್ನನ್ನು ಹಿಡಿದಿಟ್ಟದ್ದು ತಪ್ಪೆಂದು ವಾದಿಸಬಹುದು, ಯಾಕೆ ಹಿಡಿದಿಟ್ಟರೆಂದು ಮಾತ್ರ ಹೇಳಲಾರ. ಕಾರಣವನ್ನು ನೋಡದೆ ಅದು ಕಾರಣವೇ ಎಂದು ನ್ಯಾಯಾಲಯ ಹೇಗೆ ತೂಗಬೇಕು? ಆ ಸೆಕ್ಷನ್ ಬಿತ್ತು, ಕಾಯ್ದೆಯ ಉಳಿದ ಭಾಗ ನಿಂತಿತು. ಪಠ್ಯಪುಸ್ತಕಗಳು ಗೋಪಾಲನ್ ಮೊಕದ್ದಮೆಯನ್ನು ಸೋಲೆಂದು ಓದಿಸುತ್ತವೆ, ಅದು ಸರಿಯೇ. ಈ ಗೆಲುವನ್ನು ಅವು ಒಂದು ವಾಕ್ಯದಲ್ಲಿ ದಾಟಿಬಿಡುವುದು ಮಾತ್ರ ಸರಿಯಲ್ಲ.

ಯಾಕೆಂದರೆ ವಿಚಾರಣೆಯಿಲ್ಲದ ಬಂಧನದಲ್ಲಿ ಬಂಧಿತನಿಗೆ ಉಳಿಯುವುದು ಬಹಳ ಕಡಿಮೆ. ಆರೋಪಪಟ್ಟಿ ಇಲ್ಲ, ಪಾಟೀ ಸವಾಲಿಲ್ಲ, ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು 22ನೆಯ ವಿಧಿಯೇ ಇಂಥ ಬಂಧಿತನಿಗೆ ಕೊಡುವುದಿಲ್ಲ. ವಸಾಹತು ಕಾಲದ ರೆಗ್ಯುಲೇಷನ್‌ಗಳು ಇನ್ನೂ ಒಂದು ಹೆಜ್ಜೆ ಮುಂದಿದ್ದವು. ಬಂಗಾಳದ 1818ರ, ಮದ್ರಾಸಿನ 1819ರ, ಮುಂಬಯಿಯ 1827ರ ನಿಯಮಗಳು ‘ರಾಜ್ಯದ ಕೈದಿ’ಯನ್ನು ವಿಚಾರಣೆಯ ಗೊಡವೆಯೇ ಇಲ್ಲದೆ ಹಿಡಿದಿಡುತ್ತಿದ್ದವು. 1919ರ ರೌಲಟ್ ಕಾಯ್ದೆಯನ್ನು ಪಂಜಾಬಿನ ಜನ ‘ವಕೀಲಿಲ್ಲ, ದಲೀಲಿಲ್ಲ, ಅಪೀಲಿಲ್ಲ’ ಎಂದು ಮೂರೇ ಮಾತಿನಲ್ಲಿ ಸಂಗ್ರಹಿಸಿದರು. ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ, ಯುಕ್ತ ಪ್ರಕ್ರಿಯೆಯನ್ನು ಕೈಬಿಟ್ಟದ್ದಕ್ಕೆ ಪರಿಹಾರವೆಂಬಂತೆ 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ತಂದ ವಿಧಿಯೇ ಇಂದಿನ 22ನೆಯ ವಿಧಿ. ಲಾಹೋರಿನ ಮಾಜಿ ನ್ಯಾಯಾಧೀಶ ಬಕ್ಷಿ ಟೇಕ್ ಚಂದ್ ಅದನ್ನು ಕಟುವಾಗಿ ವಿರೋಧಿಸಿದರು. ಪರಿಹಾರ ಅರೆಬರೆಯದು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಅದರ ಐದನೆಯ ಖಂಡವು ಎರಡು ಹಕ್ಕುಗಳನ್ನು ಉಳಿಸಿಕೊಟ್ಟಿತು: ಬಂಧನದ ಕಾರಣಗಳನ್ನು ಆದಷ್ಟು ಬೇಗ ಬಂಧಿತನಿಗೆ ತಿಳಿಸಬೇಕು, ಅವುಗಳ ವಿರುದ್ಧ ಮನವಿ ಸಲ್ಲಿಸಲು ಆದಷ್ಟು ಬೇಗ ಅವಕಾಶ ಕೊಡಬೇಕು.

‘ತಿಳಿಸಬೇಕು’ ಎಂದರೇನು? ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ತಂದದ್ದು ನಾಗಪುರದ ಒಂದು ಪ್ರಕರಣ. 1961ರಲ್ಲಿ ಇದೇ ಕಾಯ್ದೆಯ ಅಡಿಯಲ್ಲಿ ಬಂಧಿತರಾದ ಹರಿಕಿಸನ್ ಎಂಬವರಿಗೆ ಕೊಟ್ಟ ಕಾರಣಗಳು ಇಂಗ್ಲಿಷಿನಲ್ಲಿ, ಬೆರಳಚ್ಚಿನ ಹದಿನಾಲ್ಕು ಪುಟಗಳಷ್ಟಿದ್ದವು. ಹದಿಮೂರು ವರ್ಷಗಳ ಚಟುವಟಿಕೆಗಳ ಪಟ್ಟಿ ಅದರಲ್ಲಿತ್ತು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದು ಅವರು ಕೇಳಿದರು. ಅಧಿಕಾರಿಗಳು ಕೊಡಲಿಲ್ಲ. ಇಂಗ್ಲಿಷ್ ಇನ್ನೂ ಆಡಳಿತ ಭಾಷೆ, ಆದೇಶ ಕೊಡುವಾಗ ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ವಿವರಿಸಿದ್ದಾನೆ, ಇನ್ನೇನು ಬೇಕು ಎಂಬುದು ಸರ್ಕಾರದ ನಿಲುವು. ಮುಂಬಯಿ ಉಚ್ಚ ನ್ಯಾಯಾಲಯ ಇದನ್ನು ಒಪ್ಪಿತು, ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಭುವನೇಶ್ವರ ಪ್ರಸಾದ ಸಿನ್ಹಾ ಬರೆದ 1962ರ ತೀರ್ಪಿನ ಪ್ರಕಾರ ತಿಳಿಸುವುದೆಂದರೆ ಕಾಗದವನ್ನು ಕೈಗಿಡುವುದಲ್ಲ, ಅದರೊಳಗಿನದು ಬಂಧಿತನ ಅರಿವಿಗೆ ಮುಟ್ಟುವಂತೆ ಮಾಡುವುದು. ಆತನಿಗೆ ಅರ್ಥವಾಗುವ ಭಾಷೆಯಲ್ಲಿ, ಓದುಬರಹ ಬಲ್ಲವನಾದರೆ ಆತ ಓದಬಲ್ಲ ಲಿಪಿಯಲ್ಲಿ ಅದು ಇರಬೇಕು. ಹದಿನಾಲ್ಕು ಪುಟಗಳನ್ನು ಒಮ್ಮೆ ಕೇಳಿ ನೆನಪಿಟ್ಟುಕೊಂಡು ಉತ್ತರ ಬರೆಯುವುದು ಯಾರಿಂದಾದೀತು? ಬಂಧನ ಅಸಿಂಧುವಾಯಿತು.

ಭಾಷಾ ಹಕ್ಕುಗಳ ಚರ್ಚೆ ಶಾಲೆ, ಫಲಕ, ಅರ್ಜಿ ನಮೂನೆಗಳ ಸುತ್ತ ತಿರುಗುವುದು ವಾಡಿಕೆ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳನ್ನು ಪಟ್ಟಿಮಾಡುವವರು 29, 30, 347, 350ನೆಯ ವಿಧಿಗಳನ್ನು ಹೇಳುತ್ತಾರೆ. 22(5)ನ್ನು ಹೇಳುವವರು ವಿರಳ. ಹರಿಕಿಸನ್ ತೀರ್ಪಿನಲ್ಲಾದರೋ ಭಾಷೆ ಸಂಸ್ಕೃತಿಯ ಅಲಂಕಾರವಾಗಿ ಬರುವುದಿಲ್ಲ, ಬಿಡುಗಡೆಯ ಷರತ್ತಾಗಿ ಬರುತ್ತದೆ. ಆಡಳಿತ ಭಾಷೆ ಯಾವುದೆಂಬ ಸರ್ಕಾರದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಸೆರೆಯಲ್ಲಿರುವವನಿಗೆ ಯಾವ ಭಾಷೆ ಬರುತ್ತದೆಂದು ನ್ಯಾಯಾಲಯ ಕೇಳಿತು. ಮುಂದೆ ಹಾಡಿಬಂಧು ದಾಸ್ ಪ್ರಕರಣದಲ್ಲಿ ಒಡಿಯಾಕ್ಕೂ, ಲಲ್ಲೂಭಾಯಿ ಪಟೇಲ್ ಪ್ರಕರಣದಲ್ಲಿ ಗುಜರಾತಿಗೂ ಇದೇ ನಿಯಮ ಅನ್ವಯವಾಯಿತು. ಎರಡನೆಯದು ಕಳ್ಳಸಾಗಣೆ ತಡೆಯುವ ಕಾಯ್ದೆಯ ಅಡಿಯ ಬಂಧನ. ಜನರ ಅನುಕಂಪ ಸುಲಭವಾಗಿ ಹರಿಯುವಂಥದಲ್ಲ. ಅಲ್ಲಿಯೂ ಪೊಲೀಸರ ಬಾಯಿಮಾತಿನ ವಿವರಣೆ ಸಾಲದೆಂದೇ ತೀರ್ಪಾಯಿತು.

ನಡುವೆ ತುರ್ತು ಪರಿಸ್ಥಿತಿ ಬಂದು 14ನೆಯ ಸೆಕ್ಷನ್ ಬೇರೆ ಹೆಸರಿನಲ್ಲಿ ಮರಳಿತು. 1971ರ ‘ಮೀಸಾ’ಕ್ಕೆ 1975ರಲ್ಲಿ ಸೇರಿಸಿದ 16ಎ ಸೆಕ್ಷನ್ ಕಾರಣಗಳನ್ನು ಬಂಧಿತನಿಗೆ ತಿಳಿಸಬೇಕಿಲ್ಲವೆಂದಿತು, ಅದರ ಒಂಬತ್ತನೆಯ ಉಪಸೆಕ್ಷನ್ ಆ ಕಾರಣಗಳನ್ನು ರಾಜ್ಯದ ಗುಟ್ಟೆಂದು ಘೋಷಿಸಿ ನ್ಯಾಯಾಲಯದ ಕಣ್ಣಿನಿಂದಲೂ ಮರೆಮಾಡಿತು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿತು. ಇತರ ಕೆಲವು ಉಚ್ಚ ನ್ಯಾಯಾಲಯಗಳೂ ಹಾಗೆಯೇ ಹೇಳಿದವು. 1976ರ ಏಪ್ರಿಲ್ 28ರಂದು ಜಬಲ್‌ಪುರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವೆಲ್ಲವನ್ನೂ ತಳ್ಳಿಹಾಕಿತು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ನಿಂತರು. 1950ರಲ್ಲಿ ಆರೂ ಮಂದಿ ಕಿತ್ತುಹಾಕಿದ ಮೌನವನ್ನು 1976ರಲ್ಲಿ ನಾಲ್ವರು ಮರಳಿ ನೆಟ್ಟರು ಎಂದರೆ ಅತಿಶಯೋಕ್ತಿಯಾಗದು. ಆ ತೀರ್ಪು ವಿಧ್ಯುಕ್ತವಾಗಿ ರದ್ದಾಗಲು 2017ರ ಆಗಸ್ಟ್ 24 ಬರಬೇಕಾಯಿತು. ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬಂಧನದ ಅವಧಿಗೂ ಸಲಹಾ ಮಂಡಳಿಯ ರಚನೆಗೂ ಕಡಿವಾಣ ಹಾಕಲು 1978ರ 44ನೆಯ ತಿದ್ದುಪಡಿಯಲ್ಲಿ ಸೇರಿಸಿದ ಮೂರನೆಯ ಸೆಕ್ಷನ್ನನ್ನು ಜಾರಿಗೊಳಿಸುವ ಅಧಿಸೂಚನೆ ಮಾತ್ರ ಈವರೆಗೆ ಹೊರಟಿಲ್ಲ.

ಈಗ ಇಂಥ ಬಂಧನ ದೆಹಲಿಯ ಕಾಯ್ದೆಗಷ್ಟೇ ಸೇರಿದ್ದಲ್ಲ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯ ಜೊತೆಗೆ ಗಡಿನಾಡಿನ ರಾಜ್ಯಗಳಿಗೆ ತಮ್ಮವೇ ಆದ ಕಾಯ್ದೆಗಳಿವೆ: ಮಹಾರಾಷ್ಟ್ರದ್ದು 1981ರದು, ತಮಿಳುನಾಡಿನದು 1982ರದು, ಆಂಧ್ರದ್ದು 1986ರದು, ಕೇರಳದ್ದು 2007ರದು, ಕರ್ನಾಟಕವೂ 1985ರಲ್ಲೇ ಒಂದನ್ನು ಮಾಡಿಕೊಂಡಿದೆ. ಜನರ ಬಾಯಲ್ಲಿ ಎಲ್ಲವೂ ‘ಗೂಂಡಾ ಕಾಯ್ದೆ’. ಆ ಹೆಸರೇ ಹಿಡಿದವನನ್ನು ಅಪರಾಧಿಯಾಗಿಸಿಬಿಡುವುದರಿಂದ ಇವುಗಳ ವಿರುದ್ಧ ಏಳುವ ದನಿ ರಾಜಕೀಯ ಬಂಧನಗಳ ವಿರುದ್ಧ ಏಳುವ ದನಿಗಿಂತ ಕ್ಷೀಣ. ತಾಳವಾಡಿಯ ಕನ್ನಡಿಗನ ಆದೇಶ ಈರೋಡಿನಲ್ಲಿ ತಯಾರಾಗುತ್ತದೆ, ಹೊಸೂರಿನವನದು ಕೃಷ್ಣಗಿರಿಯಲ್ಲಿ, ಜತ್ತದವನದು ಸಾಂಗಲಿಯಲ್ಲಿ. ಕನ್ನಡವನ್ನಷ್ಟೇ ಬಲ್ಲವನಿಗೆ ಕಾರಣಗಳು ಕನ್ನಡದಲ್ಲೇ ತಲುಪಬೇಕೆಂಬುದು ಹರಿಕಿಸನ್ ತೀರ್ಪಿನಿಂದ ನೇರವಾಗಿ ಹೊರಡುವ ಮಾತು. ಇದಕ್ಕೆ ರಾಜ್ಯದ ಭಾಷಾ ನೀತಿಯ ಔದಾರ್ಯ ಬೇಕಿಲ್ಲ.

ಆದರೆ ಗಡಿನಾಡಿನ ಭಾಷಾ ಬದುಕು ನಾಗಪುರದ ಪ್ರಕರಣದಷ್ಟು ಸರಳವಲ್ಲ. ಸೊಲ್ಲಾಪುರದಲ್ಲಿ ಮನೆಯಲ್ಲಿ ಕನ್ನಡ ಆಡಿ ಮರಾಠಿ ಶಾಲೆಯಲ್ಲಿ ಕಲಿತವನಿಗೆ ಅರ್ಥವಾಗುವ ಭಾಷೆ ಒಂದು, ಓದಬಲ್ಲ ಲಿಪಿ ಇನ್ನೊಂದು. ಮಂಜೇಶ್ವರದಲ್ಲಿ ತುಳು ಆಡಿ ಕನ್ನಡ ಓದುವವನ ಕತೆ ಬೇರೆ. ಹರಿಕಿಸನ್ ತೀರ್ಪು ಭಾಷೆ ಮತ್ತು ಲಿಪಿ ಎರಡನ್ನೂ ಒಟ್ಟಿಗೆ ಹೇಳಿರುವುದರಿಂದ, ಮಾತೃಭಾಷೆಯ ಹೆಸರಿನಲ್ಲಿ ಓದಲಾಗದ ಪ್ರತಿಯನ್ನು ಕೊಟ್ಟು ಕೈತೊಳೆದುಕೊಳ್ಳಲು ಅದು ಬಿಡುವುದಿಲ್ಲ. ಜನಗಣತಿಯ ಮಾತೃಭಾಷೆಯ ಅಂಕಣವನ್ನು ನೋಡಿ ಇದನ್ನು ತೀರ್ಮಾನಿಸಲಾಗದು. ಎದುರಿಗಿರುವ ಮನುಷ್ಯನನ್ನೇ ಕೇಳಬೇಕಾಗುತ್ತದೆ.

22(5)ರ ಇನ್ನೊಂದು ಅರ್ಧದ ಬಗ್ಗೆ ಚರ್ಚೆ ನಡೆದದ್ದು ಇನ್ನೂ ಕಡಿಮೆ. ಬಂಧಿತನು ಸಲ್ಲಿಸುವ ಮನವಿಗೆ ಸಂವಿಧಾನದ ಇಂಗ್ಲಿಷ್ ಪಠ್ಯ ಬಳಸುವ ಪದ ‘ರೆಪ್ರೆಸೆಂಟೇಶನ್’. 350ನೆಯ ವಿಧಿ ಬಳಸುವುದೂ ಅದೇ ಪದವನ್ನು: ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ಅಧಿಕಾರಿಗಾದರೂ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕಿದೆ. ಎರಡು ವಿಧಿಗಳನ್ನು ಕೂಡಿಸಿ ಓದಿದರೆ, ಕಾರಣವು ಕನ್ನಡದಲ್ಲಿ ಬರಬೇಕೆಂಬುದರ ಜೊತೆಗೆ ಉತ್ತರವು ಕನ್ನಡದಲ್ಲಿ ಹೋಗಬಹುದೆಂಬುದೂ ಸಿದ್ಧವಾಗುತ್ತದೆ. ಕೇರಳದ 1969ರ ರಾಜಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅನುಕೂಲವನ್ನು ಕೊಟ್ಟಿದೆ. ಕಾಸರಗೋಡಿನ ಬಂಧಿತನ ಮನವಿಯನ್ನು ಅದರ ಹೊರಗಿಡಲು ಕಾರಣ ಕಾಣುವುದಿಲ್ಲ. ಹಾಗೆ ಕನ್ನಡದಲ್ಲಿ ಬರೆದ ಮನವಿಯು ಸಲಹಾ ಮಂಡಳಿಯ ಮುಂದೆ ಬಂದಾಗ ಅದನ್ನು ಯಾರು, ಎಷ್ಟು ದಿನದೊಳಗೆ, ಯಾವ ಎಚ್ಚರದಿಂದ ಅನುವಾದಿಸಬೇಕು ಎಂಬುದು ಉಳಿಯುವ ಪ್ರಶ್ನೆ. ಅನುವಾದಕ್ಕೆ ತೆಗೆದುಕೊಳ್ಳುವ ಒಂದೊಂದು ದಿನವೂ ಬಂಧಿತನ ಸೆರೆವಾಸದ ಲೆಕ್ಕಕ್ಕೆ ಸೇರುತ್ತದೆ.