ಹೆರಿಗೆಯಾಚೆಯ ಬಾಧೆ: ನಿಡಘಟ್ಟದ ಸೀಮೆಯಲ್ಲಿ ಸ್ತ್ರೀಯರ ಮೂತ್ರ ಸೋರಿಕೆ ಮತ್ತು ವೈದ್ಯ

ಕೆಮ್ಮಿದಾಗ, ಸೀನಿದಾಗ, ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿದಾಗ ಮೂತ್ರ ತಾನಾಗಿ ಜಿನುಗುವುದು, ಅಥವಾ ಅವಸರವಾದೊಡನೆ ತಡೆಯಲಾಗದೆ ಹೋಗುವುದು ಮೂತ್ರ ಸೋರಿಕೆ ಎನಿಸಿಕೊಳ್ಳುತ್ತದೆ. ಗರ್ಭಕೋಶವನ್ನೂ ಮೂತ್ರಕೋಶವನ್ನೂ ಕೆಳಗಿನಿಂದ ಜೋಲಿಯಂತೆ ಹೊತ್ತಿರುವ ಶ್ರೋಣಿತಳದ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ ಸಡಿಲಗೊಳ್ಳುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ನಿಡಘಟ್ಟವಿರುವ ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಕಡೆಯ ಮಾತಿನಲ್ಲಿ ಮೂತ್ರವಿಸರ್ಜನೆಯೇ ‘ಒಂದಕ್ಕೆ ಹೋಗುವುದು’ ಎಂಬ ಮರೆಯ ಹೆಸರನ್ನು ಹೊದ್ದಿರುವಾಗ, ಅದು ಅಂಕೆ ತಪ್ಪುವುದನ್ನು ಹೇಳಲು ಹೆಣ್ಣಿಗೆ ಒದಗುವ ಮಾತು ಇನ್ನೂ ಕಡಿಮೆ. ವೈದ್ಯರ ಮುಂದೆ ಅದು ‘ಸೊಂಟನೋವು’ ಅಥವಾ ‘ಸುಸ್ತು’ ಎಂದಷ್ಟೇ ಹೊರಬರುತ್ತದೆ.

ಈ ಮೌನಕ್ಕೆ ನಾಚಿಕೆಯೊಂದೇ ಕಾರಣವೆಂದು ತಿಳಿಯುವುದು ಅರ್ಧ ಸತ್ಯ. ಹೆರಿಗೆಗೆ ಸೂಲಗಿತ್ತಿ, ಬಾಣಂತನಕ್ಕೆ ತವರು ಎಂದಿದ್ದ ಕಾಲದಲ್ಲಿ ಎಣ್ಣೆನೀರು, ಹೊಟ್ಟೆಗೆ ಬಿಗಿದ ಬಟ್ಟೆ, ಖಾರದ ಪಥ್ಯ ಎಲ್ಲವೂ ದೇಹ ಮತ್ತೆ ಗಟ್ಟಿಯಾಗಲೆಂಬ ಕಾಳಜಿಯಿಂದಲೇ ನಡೆಯುತ್ತಿದ್ದವು. ಆದರೆ ಅಷ್ಟಾದ ಮೇಲೂ ಉಳಿದ ಬಾಧೆಯನ್ನು ಹೆತ್ತವರಿಗೆಲ್ಲ ಇದ್ದದ್ದೇ ಎಂದು ತಾಯಿ ಮಗಳಿಗೆ ಹೇಳಿ ಸಮಾಧಾನಪಡಿಸುತ್ತಿದ್ದಳು. ರೋಗವೇ ಅಲ್ಲದ್ದಕ್ಕೆ ವೈದ್ಯರೇಕೆ ಎಂಬ ಈ ನಂಬಿಕೆ ನಾಚಿಕೆಗಿಂತ ಬಲವಾದ ತಡೆ. ಇದರ ಮೇಲೆ ಮಡಿ-ಮೈಲಿಗೆಯ ಭಯ ಬೇರೆ: ಒದ್ದೆಯಾದ ಸೀರೆಯುಟ್ಟು ದೇವರ ಮನೆಗೆ ಹೋಗಲಾರದ, ವಾಸನೆಯ ಅಂಜಿಕೆಯಿಂದ ಜಾತ್ರೆಗೂ ಮದುವೆಗೂ ಹಿಂಜರಿಯುವ ಹೆಣ್ಣು ಆ ಬಟ್ಟೆಯನ್ನು ಇತರ ಬಟ್ಟೆಗಳ ಅಡಿಯಲ್ಲಿ ಒಣಗಿಸಿಕೊಂಡು ದಿನ ಕಳೆಯುತ್ತಾಳೆ. ಮನೆಯಲ್ಲಿ ಶೌಚಾಲಯವಿಲ್ಲದ ಕಾಲದಲ್ಲಿ ನಸುಕಿಗೂ ಮುಸ್ಸಂಜೆಗೂ ಮಾತ್ರ ಬಯಲಿಗೆ ಹೋಗಬಹುದಾಗಿದ್ದುದರಿಂದ ಹಗಲೆಲ್ಲ ನೀರು ಕುಡಿಯದಿರುವುದೇ ಆಕೆಗೆ ತಿಳಿದ ಉಪಾಯವಾಗಿತ್ತು. ವಿಶ್ವೇಶ್ವರಯ್ಯ ನಾಲೆ ಮದ್ದೂರು, ಮಳವಳ್ಳಿಯ ಬಯಲಿಗೆ ನೀರು ತಂದ ಮೇಲೆ ಕೆಸರುಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವ ಕೆಲಸ ಹೆಚ್ಚಿ, ಸಡಿಲಗೊಂಡ ದೇಹಕ್ಕೆ ದುಡಿಮೆಯ ಭಾರವೂ ಕೂಡಿತು.

ಆಸ್ಪತ್ರೆಗಳ ಚರಿತ್ರೆ ಈ ಬಾಧೆಯ ಪಕ್ಕದಲ್ಲೇ ಹಾದುಹೋಗಿದೆ. ಮೈಸೂರಿನಲ್ಲಿ ಮಹಿಳೆಯರು ಮತ್ತು ಮಕ್ಕಳಿಗಾಗಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ತೆರೆಯಿತು. ಮಂಡ್ಯ ಇನ್ನೂ ಮೈಸೂರು ಜಿಲ್ಲೆಗೆ ಸೇರಿದ್ದ 1929ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದು ಆರಂಭವಾಯಿತು. ಸರ್ಕಾರವೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಬೇಕೆಂದು ಮೈಸೂರು ಸಂಸ್ಥಾನ 1930ರಲ್ಲಿ ಆಜ್ಞೆ ಹೊರಡಿಸಿದ್ದು ಜಗತ್ತಿನಲ್ಲೇ ಮೊದಲ ಹೆಜ್ಜೆಗಳಲ್ಲೊಂದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರದು. ನಿಡಘಟ್ಟದಿಂದ ಬೆಂಗಳೂರಿನ ದಾರಿಯಲ್ಲೇ ಸಿಗುವ ರಾಮನಗರದಲ್ಲಿ 1950ರ ದಶಕದ ಆದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಾಯದಿಂದ ಕುಟುಂಬ ಯೋಜನೆಯ ಪ್ರಯೋಗ ನಡೆಯಿತು. ಇವೆಲ್ಲ ನಿಜಕ್ಕೂ ದೊಡ್ಡ ಕೆಲಸಗಳು, ಅಸಂಖ್ಯ ತಾಯಂದಿರ ಜೀವ ಉಳಿಸಿದವು. ಆದರೂ ಇವುಗಳ ಗಮನವೆಲ್ಲ ಹೆರಿಗೆ ಸುಗಮವಾಯಿತೇ, ಮಗು ಉಳಿಯಿತೇ, ಮುಂದಿನ ಮಗು ಬೇಕೇ ಎಂಬ ಪ್ರಶ್ನೆಗಳ ಮೇಲಿತ್ತು. ಹೆತ್ತವಳ ದೇಹ ಆಮೇಲೆ ಹೇಗಿದೆ ಎಂದು ಕೇಳುವವರು ವಿರಳವಾಗಿದ್ದರು. ಮನೆಯ ಮೌನಕ್ಕೆ ಆಸ್ಪತ್ರೆಯ ಮೌನವೂ ಜೊತೆಗೂಡಿದ್ದು ಹೀಗೆ.

ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ ಶ್ರೋಣಿತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು 1948ರಲ್ಲಿ ಪ್ರಕಟಿಸಿದರು. ಸಾಮಾನ್ಯ ಸೋರಿಕೆಗೆ ಮೊದಲ ಚಿಕಿತ್ಸೆ ಇಂದಿಗೂ ಅದೇ. ಅದಕ್ಕೆ ಔಷಧವಾಗಲಿ ಶಸ್ತ್ರಕ್ರಿಯೆಯಾಗಲಿ ಬೇಡ, ಸರಿಯಾಗಿ ಹೇಳಿಕೊಡುವ ಒಬ್ಬ ಹೆಂಗಸು ಸಾಕು. ಅಂಥ ಹೆಂಗಸು ಈಗ ಹಳ್ಳಿಯಲ್ಲೇ ಇದ್ದಾಳೆ: 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗುತ್ತಾಳೆ. ನಿಡಘಟ್ಟದಲ್ಲಿ ಎರಡು ಹಂತಗಳು ಕೂಡುವ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಗಿ, ದೂರವೆಂಬ ಹಳೆಯ ಅಡ್ಡಿಯೂ ತಗ್ಗಿದೆ. ಆದರೆ ನವಜಾತ ಶಿಶುವಿನ ಆರೈಕೆಗೆಂದು ಆಶಾ ಕಾರ್ಯಕರ್ತೆಗೆ ಗೊತ್ತುಪಡಿಸಿದ ಆ ಭೇಟಿಗಳು ಹೆರಿಗೆಯ 42ನೇ ದಿನಕ್ಕೆ ಮುಗಿಯುತ್ತವೆ. ಸೋರಿಕೆ ಹಲವರಲ್ಲಿ ಉಲ್ಬಣಿಸುವುದು ಅದಕ್ಕೆ ಎಷ್ಟೋ ವರ್ಷಗಳ ನಂತರ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಆ ಮನೆಗೆ ಬಾಣಂತನದ ಭೇಟಿಗಳು ನಿಂತು ಬಹುಕಾಲವಾದ ಮೇಲೆ.