ಮಾನ್ವಿಯ ದಾಸರೂ ಮೇಜಿನ ಗಣಕವೂ

ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಮುಕ್ತ ಗಣಕವ್ಯವಸ್ಥೆಗಳು ಬಲ್ಲವರ ಕೈಯಲ್ಲೇ ಉಳಿಯಬೇಕೋ, ಸಾಮಾನ್ಯರ ಮೇಜಿಗೂ ಬರಬೇಕೋ ಎಂಬ ವಾದ ಬಹುಕಾಲದಿಂದ ನಡೆದಿದೆ. ಸಾಮಾನ್ಯರ ಬೆನ್ನು ಹತ್ತಿದರೆ ವಿದ್ಯೆ ತೆಳುವಾಗುತ್ತದೆಂದು ಒಂದು ಪಕ್ಷ. ಬಳಸುವವರಿಲ್ಲದ ಸ್ವಾತಂತ್ರ್ಯ ಯಾರಿಗೆಂದು ಇನ್ನೊಂದು. ಈ ಪ್ರಶ್ನೆಯ ಹಳೆಯ ರೂಪವೊಂದನ್ನು ರಾಯಚೂರು ಸೀಮೆ ಹದಿನೆಂಟನೆಯ ಶತಮಾನದಲ್ಲೇ ಕಂಡಿತ್ತೆಂದು ನನಗೆ ತೋರುತ್ತದೆ.

ತುಂಗಭದ್ರೆಯ ದಡದ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರೂ (1682–1755), ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರೂ ಮಧ್ವಸಿದ್ಧಾಂತವನ್ನು ಕನ್ನಡ ಹಾಡಿಗಿಳಿಸಿದರು. ಇದನ್ನು ಹಗುರವಾಗಿ ಕಂಡ ಸಂಸ್ಕೃತ ಪಂಡಿತರೂ ಇದ್ದರು. ಮಾನ್ವಿ ಸೀಮೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ವಿಜಯದಾಸರನ್ನು ಕಡೆಗಣಿಸಿ ಹೊಟ್ಟೆನೋವಿಗೆ ತುತ್ತಾದರೆಂದೂ, ಗೋಪಾಲದಾಸರಿಂದ ಗುಣ ಹೊಂದಿದರೆಂದೂ ಐತಿಹ್ಯ. ನಂಬುವವರು ನಂಬಲಿ. ಆ ಪಂಡಿತರೇ ಜಗನ್ನಾಥದಾಸರಾಗಿ (1728–1809) ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದರೆಂಬುದು ಮಾತ್ರ ಐತಿಹ್ಯವಲ್ಲ, ಇತಿಹಾಸ.

ಆ ಗ್ರಂಥ ಸುಲಭವಾದುದಲ್ಲ. ಶಾಸ್ತ್ರದ ಪರಿಭಾಷೆ ಅದರಲ್ಲಿ ಹೇರಳ. ಅದಕ್ಕೆ ವ್ಯಾಖ್ಯಾನಗಳೇ ಹಲವು ಹುಟ್ಟಿದುವು. ದಾಸರು ತಿರುಳನ್ನು ತೆಳುಮಾಡಲಿಲ್ಲ. ಭಾಷೆಯನ್ನೂ ಧಾಟಿಯನ್ನೂ ಬದಲಿಸಿದರು. ಅದು ಹೆಚ್ಚಾಗಿ ಮುಟ್ಟಿದ್ದು ಬ್ರಾಹ್ಮಣರ ಮನೆಗಳನ್ನು ಎಂಬ ಮಿತಿಯನ್ನು ಮರೆಯಬಾರದು. ಆದರೆ ಆ ಮನೆಗಳಲ್ಲೇ ಶಾಸ್ತ್ರದ ಬಾಗಿಲು ಮುಚ್ಚಿದ್ದ ಹೆಂಗಸರ ಬಾಯಲ್ಲಿ ಅದು ನೆಲೆಸಿತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದುವಾದಾಗಲೂ ಅಳಿಯಲಿಲ್ಲ.

ಇನ್ನು ಗಣಕದ ಮಾತು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಮುಕ್ತ ವ್ಯವಸ್ಥೆಯೊಂದರ ಸಂಕಲ್ಪವನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೊದಗುವ ತಿರುಳನ್ನು, ಎಂದರೆ ಲಿನಕ್ಸನ್ನು, ಹೊರತಂದರು. ಅದೇ ವರ್ಷ ಯೂನಿಕೋಡಿನಲ್ಲಿ ಕನ್ನಡ ಅಕ್ಷರಗಳಿಗೆ ಸ್ಥಾನ ದೊರೆಯಿತು. ಸಾಮಾನ್ಯರಿಗೆಂದೇ ಉಬುಂಟು ಬಂದುದು 2004ರಲ್ಲಿ. ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸನ್ನೇ ಅಪ್ಪಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಸಾಮಾನ್ಯರಿಗೆ ಇದು ಒಗ್ಗದೆಂಬ ಮಾತಿಗೆ ಆ ಮಕ್ಕಳೇ ಉತ್ತರ.

ಎದುರುಪಕ್ಷದಲ್ಲಿಯೂ ಸತ್ಯವಿದೆ. ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸಿನ ತಿರುಳೇ. ಅದು ಕೋಟ್ಯಂತರ ಜೇಬುಗಳನ್ನು ಸೇರಿತು. ತಿದ್ದುವ ಸ್ವಾತಂತ್ರ್ಯ ಮಾತ್ರ ಹೆಚ್ಚಿನವರ ಕೈಗೆ ಬರಲಿಲ್ಲ. ಇದು ಹಾಡನ್ನು ಕೇಳಿಸಿ, ಓಲೆಯನ್ನು ಬಚ್ಚಿಟ್ಟಂತೆ.

ಆದುದರಿಂದ ಸಾಮಾನ್ಯರ ಬಳಿಗೆ ಹೋಗಲೇಬೇಕು, ಓಲೆಯನ್ನು ಜೊತೆಗೊಯ್ಯಬೇಕು ಎಂಬುದು ನನ್ನ ಮತ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆ ನಿಂತಿತು. ಕೆಡದಿದ್ದರೂ ಹೊಸ ಆವೃತ್ತಿಗೆ ಸಲ್ಲದ ಯಂತ್ರಗಳು ಎಷ್ಟೋ ಮೂಲೆ ಸೇರುತ್ತಿವೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಕೆಲವು ವರ್ಷ ದುಡಿದಾವು. ದೇವದುರ್ಗದ ಹುಡುಗಿಗೆ ಅಂಥದೊಂದು ಯಂತ್ರ ದೊರೆಯುವುದು ಸಣ್ಣ ಮಾತಲ್ಲ. ಆದರೆ ಅದು ಅವಳೊಡನೆ ಕನ್ನಡದಲ್ಲಿ ಮಾತಾಡಬೇಕು. ತಡವರಿಸಿದಾಗ ಹೇಳಿಕೊಡುವವರೊಬ್ಬರು ಹತ್ತಿರವಿರಬೇಕು. ಅಷ್ಟು ಶ್ರಮವನ್ನು ಬಲ್ಲವರು ವಹಿಸದೆ, ಜನಕ್ಕೆ ಆಸಕ್ತಿಯಿಲ್ಲವೆಂದು ದೂರುವುದು ನ್ಯಾಯವಲ್ಲ.