ಒರೆಸಿದ ಮೇಲೂ ಉಳಿಯುವ ನೀರು

ನೆರೆ ಇಳಿದ ಮನೆಗೆ ನಮ್ಮಲ್ಲಿ ಮೂರು ಬಗೆಯ ಜನ ಬರುತ್ತಾರೆ: ಮೋಟಾರ್ ತಂದು ನೀರೆತ್ತುವವರು, ಕೆಸರು ಬಳಿದು ಫಿನಾಯಿಲ್ ಹಾಕಿ ತೊಳೆಯುವವರು, ಕೊನೆಗೆ ಪೇಂಟರ್. ತೊಳೆಯುವವರಿಗೂ ಪೇಂಟರಿಗೂ ನಡುವೆ ಬರಬೇಕಾದ ಇನ್ನೊಬ್ಬನಿದ್ದಾನೆ, ಮನೆ ಒಣಗಿಸುವವನು. ಅವನ ಕಸುಬು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಐದು ದಶಕಗಳಿಂದ ಬೆಳೆದು ಬಂದಿದೆ. ಮಂಗಳೂರು, ಕೊಚ್ಚಿ, ಚೆನ್ನೈಯಂಥ ಊರುಗಳಲ್ಲಿ, ಅಂದರೆ ಗಾಳಿಯೇ ಒದ್ದೆಯಾಗಿರುವ ಕಡೆ, ಅದಿನ್ನೂ ಬೇರು ಬಿಟ್ಟಿಲ್ಲ. ಹಣದ ಕೊರತೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಆ ಕಸುಬು ಹುಟ್ಟಿದ ಮನೆಯೂ ಬೇರೆ, ಹವೆಯೂ ಬೇರೆ.

ಹವೆಯ ಲೆಕ್ಕ ಮೊದಲು ನೋಡೋಣ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 26 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕರಾವಳಿಯಲ್ಲಿ ಆಷಾಢದ ದಿನಗಳ ಸಾಪೇಕ್ಷ ಆರ್ದ್ರತೆ ಶೇ 90ರ ಆಸುಪಾಸು. ಎಂದರೆ 23 ಗ್ರಾಂ ಆಗಲೇ ತುಂಬಿದೆ. ಗೋಡೆಯಿಂದ ಹೀರಿಕೊಳ್ಳಲು ಉಳಿದ ಜಾಗ ಮೂರೇ ಗ್ರಾಂ. ಲಂಡನ್ನಿನ ಚಳಿಗಾಲದ 5 ಡಿಗ್ರಿಯ ಗಾಳಿ ಎಷ್ಟೇ ತೇವವೆನಿಸಿದರೂ ಅದರಲ್ಲಿರುವುದು 7 ಗ್ರಾಂ ಕೂಡ ಇಲ್ಲ. ಅದನ್ನು ಒಳಗೆ ಬಿಟ್ಟುಕೊಂಡು 25 ಡಿಗ್ರಿಗೆ ಕಾಯಿಸಿದರೆ ಇನ್ನೂ 16 ಗ್ರಾಂ ಹೀರುತ್ತದೆ. ಅಲ್ಲಿಯವರು ಹೀಟರ್ ಹಚ್ಚಿ ಕಿಟಕಿ ತೆರೆದರೆ ಅರ್ಧ ಕೆಲಸ ಮುಗಿಯಿತು. ಜುಲೈನಲ್ಲಿ ನಾವು ಕಿಟಕಿ ತೆರೆದರೆ ಹೊರಗಿನ ತೇವವನ್ನು ಕರೆದು ಕೂರಿಸಿದ ಹಾಗೆ.

ನಮ್ಮ ಹಿಂದಿನವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಮಲೆನಾಡು, ಕರಾವಳಿಯ ಮನೆಗಳಿಗೆ ಎತ್ತರದ ಪಂಚಾಂಗ, ಗೋಡೆ ಮೀರಿ ಚಾಚಿದ ಸೂರು, ಮಳೆ ಹಿಡಿಯುವ ಮುಂಚೆ ಮಣ್ಣಿನ ಗೋಡೆಗೆ ಮರೆ ಕಟ್ಟಿದ ಅಡಿಕೆ ಸೋಗೆಯ ತಟ್ಟಿ. ಒಲೆಯ ಮೇಲಿನ ಅಟ್ಟದಲ್ಲಿ ದಿನವಿಡೀ ಹೊಗೆ ಆಡುತ್ತಿತ್ತು. ಅಡಿಕೆ, ಮೆಣಸು, ಬಿತ್ತನೆ ಬೀಜ ಎಲ್ಲ ಅಲ್ಲೇ. 1865ರಲ್ಲಿ ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಬಂದ ಹೆಂಚಿನ ಮಾಡೂ ಸಂದಿಸಂದಿಯಲ್ಲಿ ಗಾಳಿ ಆಡುವಂಥದ್ದು. ಸುಣ್ಣದ ಗಾರೆ ನೀರು ಕುಡಿದರೂ ಮರಳಿ ಬಿಟ್ಟುಕೊಡುತ್ತಿತ್ತು. ಹಾಗೆಂದು ಹಳೆಯದನ್ನೆಲ್ಲ ಹೊಗಳಬೇಕಾಗಿಲ್ಲ. ಆ ಮನೆಗಳ ಬಟ್ಟೆಬರೆಗೆ ಹೊಗೆಯ ವಾಸನೆ ತಪ್ಪುತ್ತಿರಲಿಲ್ಲ, ಒಲೆಯ ಮುಂದಿನ ಹೆಂಗಸರ ಕಣ್ಣು ಶ್ವಾಸಕೋಶಗಳು ಅದರ ಬೆಲೆ ತೆತ್ತವು. ದೊಡ್ಡ ನೆರೆ ಬಂದರೆ ಮಣ್ಣಿನ ಗೋಡೆ ನಿಲ್ಲುತ್ತಲೂ ಇರಲಿಲ್ಲ.

ತೇವವನ್ನು ಅಳೆದು ಹತೋಟಿಗೆ ತರುವ ವಿದ್ಯೆ ಶುರುವಾದದ್ದು ಮನೆಯಲ್ಲಲ್ಲ, ಮುದ್ರಣಾಲಯದಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಗೆಯ ಸೆಕೆಗೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. 1902ರಲ್ಲಿ ಅದಕ್ಕೆ ಪರಿಹಾರವಾಗಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ತಣ್ಣನೆಯ ಸುರುಳಿಗಳ ಮೇಲೆ ಗಾಳಿ ಹಾಯಿಸಿ ನೀರನ್ನು ಇಳಿಸುವ ವ್ಯವಸ್ಥೆ ರೂಪಿಸಿದ. 1911ರಲ್ಲಿ ಅವನು ಮಂಡಿಸಿದ ಸೂತ್ರಗಳು ಗಾಳಿಯ ಉಷ್ಣತೆ, ತೇವ, ಇಬ್ಬನಿ ಬಿಂದು (ಗಾಳಿಯಲ್ಲಿನ ಆವಿ ನೀರಾಗತೊಡಗುವ ಉಷ್ಣತೆ) ಇವುಗಳನ್ನು ಒಂದೇ ನಕ್ಷೆಯಲ್ಲಿ ಹಿಡಿದವು. ಇಂದಿನ ಏಸಿ, ಡಿಹ್ಯುಮಿಡಿಫೈಯರ್‌ಗಳ ಲೆಕ್ಕಾಚಾರವೆಲ್ಲ ಅದರ ಮೇಲೇ ನಿಂತಿದೆ.

ಕಸುಬಾಗಿ ಅದು ಮನೆಯೊಳಗೆ ಕಾಲಿಟ್ಟದ್ದು ಕಾರ್ಪೆಟ್ಟಿನ ದಾರಿಯಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವ ರೂಢಿ ಬೆಳೆಯಿತು. ಪೈಪು ಒಡೆದರೆ ಮೊದಲು ಕರೆಯುತ್ತಿದ್ದುದು ಕಾರ್ಪೆಟ್ ತೊಳೆಯುವವರನ್ನೇ. ಅವರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡಲು 1972ರಲ್ಲಿ ಒಂದು ಸಂಸ್ಥೆ ಹುಟ್ಟಿಕೊಂಡಿತು; ಈಗ ಅದರ ಹೆಸರು ಐಐಸಿಆರ್‌ಸಿ. ಕಾರ್ಪೆಟ್ಟಿನ ಅಡಿಗೆ ಗಾಳಿ ನುಗ್ಗಿಸುವ ಬಸವನಹುಳು ಆಕಾರದ ಫ್ಯಾನುಗಳು, ಎತ್ತಿ ಒಯ್ಯಬಹುದಾದ ಡಿಹ್ಯುಮಿಡಿಫೈಯರ್‌ಗಳು ಒಂದೊಂದಾಗಿ ಬಂದವು. 1994ರಲ್ಲಿ ಅದೇ ಸಂಸ್ಥೆ ಎಸ್500 ಎಂಬ ಮಾನದಂಡ ಪ್ರಕಟಿಸಿತು. ಅದರ ಪರಂಪರೆಯಲ್ಲಿ ನೀರಿಗೆ ಮೂರು ದರ್ಜೆ: ನಲ್ಲಿಯ ಶುದ್ಧ ನೀರು, ಬಟ್ಟೆ ತೊಳೆದಂಥ ಕೊಳೆ ನೀರು, ಚರಂಡಿ ಅಥವಾ ನೆರೆಯ ಕರಿ ನೀರು. ಮೊದಲ ದರ್ಜೆಯ ನೀರನ್ನೂ ನಿಂತಲ್ಲೇ ಬಿಟ್ಟರೆ ಅದು ಕೆಳಗಿನ ದರ್ಜೆಗೆ ಇಳಿಯುತ್ತದೆ. ಬ್ರಿಟನ್ನಿನಲ್ಲೂ 2005ರಲ್ಲಿ ಮನೆಗಳ ಜಲಹಾನಿಯ ಕೆಲಸಕ್ಕೆ ಪಾಸ್ 64 ಎಂಬ ನಿರ್ದೇಶಿಕೆ ಬಂತು.

ಇಷ್ಟರಲ್ಲಿ ಬೂಷ್ಟಿನ ಭಯ ಹುಟ್ಟಿತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಕೆಲವು ಕೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ, ನೀರು ಕುಡಿದ ಅವರ ಮನೆಗಳ ಕರಿ ಬೂಷ್ಟಿನ ಮೇಲೆ ಸಂಶಯ ಬಿತ್ತು. 2000ದಲ್ಲಿ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಕೇಂದ್ರವೇ ಆ ನಂಟು ಸಾಬೀತಾಗಿಲ್ಲವೆಂದು ಹಿಂದೆ ಸರಿಯಿತು. ಮರುವರ್ಷ ಟೆಕ್ಸಾಸಿನ ಒಂದು ದೊಡ್ಡ ಮನೆಯ ಬೂಷ್ಟಿನ ಮೊಕದ್ದಮೆಯಲ್ಲಿ ಜ್ಯೂರಿ 3.2 ಕೋಟಿ ಡಾಲರ್ ಕೊಡಿಸಿತು. ಮೇಲ್ಮನವಿಯಲ್ಲಿ ಮೊತ್ತ ಬಹಳಷ್ಟು ಕರಗಿದರೂ ವಿಮಾ ಕಂಪನಿಗಳು ಅಷ್ಟು ಹೊತ್ತಿಗೆ ಬೆಚ್ಚಿಬಿದ್ದು ಬೂಷ್ಟಿನ ಪರಿಹಾರಕ್ಕೆ ಮಿತಿ ಹೇರತೊಡಗಿದ್ದವು. ವಿಜ್ಞಾನ ಮಾತ್ರ ನಿಧಾನವಾಗಿ ನಡೆಯಿತು. 2009ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇಷ್ಟು ಬೂಷ್ಟು ಸುರಕ್ಷಿತ, ಇಷ್ಟು ಅಪಾಯ ಎಂಬ ಅಂಕಿಯನ್ನೇ ಕೊಡಲಿಲ್ಲ. ತೇವದ ಮನೆಗೂ ಉಬ್ಬಸ, ಕೆಮ್ಮುಗಳಿಗೂ ನಂಟಿದೆ, ತೇವವನ್ನೇ ತೆಗೆಯಿರಿ ಎಂದಿತು. ಬೂಷ್ಟು ಕೊಲ್ಲುತ್ತೇವೆಂದು ಸ್ಪ್ರೇ ಹಿಡಿದು ಬರುವವರನ್ನು ಕಂಡಾಗಲೆಲ್ಲ ನನಗೆ ಈ ಮಾರ್ಗಸೂಚಿ ನೆನಪಾಗುತ್ತದೆ. ನೆನೆದ ವಸ್ತುವಿನಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಕಾಲೂರಬಹುದು. ಸತ್ತ ಬೂಷ್ಟಿನ ಜಾಗದಲ್ಲೂ, ತೇವವಿದ್ದರೆ, ಹೊಸದು ಏಳುತ್ತದೆ.

ಈ ಕಸುಬಿನ ನಿಜವಾದ ಪರೀಕ್ಷೆ ಸೆಕೆಯ ನಾಡುಗಳಲ್ಲಾಯಿತು. 2005ರ ಕತ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸಿನ ಮನೆಗಳಲ್ಲಿ ವಾರಗಟ್ಟಲೆ ನೀರು ನಿಂತಿತು. ಒಣಗಿಸುವ ಮಾತು ಹಾಗಿರಲಿ, ಜಿಪ್ಸಮ್ ಗೋಡೆಗಳನ್ನು ಕಿತ್ತು ಬೀದಿಗೆ ಹಾಕುವುದೇ ದಾರಿಯಾಯಿತು. 2019ರಲ್ಲಿ ಆಸ್ಟ್ರೇಲಿಯದ ಉಷ್ಣವಲಯದ ಟೌನ್ಸ್‌ವಿಲ್‌ನಲ್ಲಿ ಹತ್ತು ದಿನಗಳಲ್ಲಿ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಆ ಊರಿರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಹಳೆಯ ಮನೆಗಳು ಮರದ ಕಂಬಗಳ ಮೇಲೆ ನಿಂತಂಥವು. ಒಂಟಿ ಹಲಗೆಯ ಗೋಡೆ, ತೊಳೆದು ಗಾಳಿಗೆ ಬಿಟ್ಟರಾಯಿತು. ನೆಲಕ್ಕೇ ಕಾಂಕ್ರೀಟು ಹಾಕಿ ಕಟ್ಟಿದ ಹೊಸ ಮನೆಗಳಲ್ಲಿ ಜಿಪ್ಸಮ್ ಹಲಗೆಗಳ ಹಿಂದಿನ ಪೊಳ್ಳು ಜಾಗ ನೀರನ್ನು ಬಚ್ಚಿಟ್ಟುಕೊಳ್ಳುತ್ತದೆ. ಇನ್ನೊಂದು ಪಾಠವೂ ಇದೆ. ಚಳಿ ದೇಶದಲ್ಲಿ ನೀರಾವಿ ಒಳಗಿನಿಂದ ಹೊರಕ್ಕೆ ಹರಿದರೆ, ಏಸಿ ಹಾಕಿದ ಉಷ್ಣವಲಯದ ಮನೆಯಲ್ಲಿ ಹೊರಗಿನಿಂದ ಒಳಕ್ಕೆ. ಇಬ್ಬನಿ ಬಿಂದು 25 ಡಿಗ್ರಿಯಿರುವ ಊರಿನಲ್ಲಿ ಕೋಣೆಯನ್ನು 20ಕ್ಕೆ ತಂಪಾಗಿಸಿ, ಗೋಡೆಗೆ ಪ್ಲಾಸ್ಟಿಕ್ಕಿನ ವಾಲ್‌ಪೇಪರ್ ಅಂಟಿಸಿದರೆ, ನೆರೆಯೇ ಬೇಡ, ಅದರ ಹಿಂದೆ ಬೂಷ್ಟಿನ ತೋಟ ತಾನಾಗಿ ಎದ್ದೀತು.

ಇನ್ನು ನಮ್ಮ ಗೋಡೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕಿಲೋ ತೂಗುತ್ತದೆ. ಸಾಮಾನ್ಯ ಸುಟ್ಟ ಇಟ್ಟಿಗೆ ತನ್ನ ತೂಕದ ಶೇ 20ರವರೆಗೆ ನೀರು ಹೀರಬಹುದೆಂದು ಭಾರತೀಯ ಮಾನಕವೇ ಒಪ್ಪುತ್ತದೆ. ಶೇ 15 ಹಿಡಿದರೂ ಚದರ ಮೀಟರಿಗೆ 60 ಲೀಟರ್ ಆಯಿತು. ಹತ್ತಡಿ ಉದ್ದದ ಗೋಡೆಯಲ್ಲಿ ಸೊಂಟದೆತ್ತರ ನೀರು ನಿಂತು ಹೋದರೆ, ನೆಲ ಒರೆಸಿ ಮುಗಿಸಿದ ಮೇಲೂ ಆ ಒಂದೇ ಗೋಡೆಯೊಳಗೆ 180 ಲೀಟರ್ ಕೂತಿರುತ್ತದೆ. ಗೋಡೆಯ ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಕಾಯಬೇಕೆಂಬುದು ಬ್ರಿಟಿಷ್ ಕಟ್ಟಡದವರ ಹಳೆಯ ಲೆಕ್ಕ. ಸಿಮೆಂಟ್ ಗಾರೆ, ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಎಂದು ಎರಡೂ ಕಡೆ ಬಾಯಿ ಮುಚ್ಚಿದ ಗೋಡೆಗೆ ಇನ್ನೂ ಹೆಚ್ಚು. ದೀಪಾವಳಿಗೆ ಬಳಿದ ಪೇಂಟು ಯುಗಾದಿಗೆ ಗುಳ್ಳೆ ಎದ್ದು ಉದುರುವುದು, ಗೋಡೆಯಲ್ಲಿ ಬಿಳಿ ಉಪ್ಪು ಏಳುವುದು ಇದರಿಂದಲೇ. ಪೇಂಟರನ್ನು ಬೈದು ಫಲವಿಲ್ಲ.

ಇಲ್ಲಿ ನೆರೆಗಳಿಗೇನೂ ಕೊರತೆಯಿರಲಿಲ್ಲ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. 2009ರಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ನೆನೆದು ಕುಸಿದವು. ಸರ್ಕಾರದ ಉತ್ತರ ದುರಸ್ತಿಯಾಗಿರಲಿಲ್ಲ, ‘ಆಸರೆ’ ಹೆಸರಿನಲ್ಲಿ ಬೇರೆ ಜಾಗದಲ್ಲಿ ಹೊಸ ಮನೆ. 2015ರಲ್ಲಿ ಚೆನ್ನೈ. 2018ರ ಆಗಸ್ಟ್‌ನಲ್ಲಿ ಕೇರಳ. ಮನೆ ತೊಳೆಯುವುದನ್ನು ಒಂದು ಜನಾಂದೋಲನವನ್ನಾಗಿ ಮಾಡಿದ ಕೀರ್ತಿ ಕೇರಳಕ್ಕೆ ಸಲ್ಲಬೇಕು. ಕುಟ್ಟನಾಡಿಗೆ ಸಾವಿರಾರು ಸ್ವಯಂಸೇವಕರು ಬಂದು ಕೆಸರು ತೆಗೆದರು, ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿದರು, ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದರು. ಬ್ಲೀಚಿಂಗ್ ಪೌಡರ್ ಬಾವಿಗೆ, ನೆಲಕ್ಕೆ ಸರಿ. ಗೋಡೆಯೊಳಗಿನ ನೀರಿಗೆ ಅದು ಏನೂ ಮಾಡದು. (ಅದನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಸಂಚಕಾರ.) ನೆನೆದ ಕಾಗದಪತ್ರಗಳ ವಿಷಯದಲ್ಲಿ ಮಾತ್ರ 1966ರ ಇಟಲಿಯ ಫ್ಲಾರೆನ್ಸ್ ನೆರೆಯ ನಂತರದ ದಶಕಗಳ ಗ್ರಂಥಾಲಯದವರ ಅನುಭವ ನಮಗೆ ನೇರವಾಗಿ ಒದಗುತ್ತದೆ: ಅಂಟಿಕೊಂಡ ಹಾಳೆಗಳನ್ನು ಎಳೆಯದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿದರೆ ಬೂಷ್ಟು ತಡೆದು, ಬಿಡಿಸಲು ಪುರುಸೊತ್ತು ಸಿಗುತ್ತದೆ.

2022ರ ಸೆಪ್ಟೆಂಬರಿನ ಬೆಂಗಳೂರು ಬೇರೆಯೇ ಬಗೆಯದು. ಸರ್ಜಾಪುರ ರಸ್ತೆ, ಯಮಲೂರು ಕಡೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಿದ್ದ ಚಿತ್ರಗಳು ನೆನಪಿರಬಹುದು. ನನಗೆ ಕುತೂಹಲ ಆ ಮನೆಗಳ ಒಳಗಿನದ್ದು: ಎಂಡಿಎಫ್ ಹಲಗೆಯ ಮಾಡ್ಯುಲರ್ ಅಡುಗೆಮನೆ, ಮರದ ನೆಲಹಾಸು, ಜಿಪ್ಸಮ್ ಫಾಲ್ಸ್ ಸೀಲಿಂಗ್, ವಾಲ್‌ಪೇಪರ್. ಅಮೆರಿಕದ ಮನೆಯ ಸಾಮಗ್ರಿಯನ್ನು ನಾವು ತರಿಸಿಕೊಂಡಾಗಿದೆ, ಅದನ್ನು ಒಣಗಿಸುವ ಕಸುಬನ್ನು ಮಾತ್ರ ತರಿಸಿಲ್ಲ. ನಮ್ಮಲ್ಲಿ ಬೆಳೆದಿರುವುದು ವಾಟರ್‌ಪ್ರೂಫಿಂಗ್. ಅದು ನೀರು ಬರುವ ಮೊದಲಿನ ವಿದ್ಯೆ. ಬಂದ ಮೇಲೆ ಬಳಿದರೆ ನೀರನ್ನು ಒಳಗಿಟ್ಟು ಬೀಗ ಹಾಕುತ್ತದೆ.

ಯಂತ್ರಗಳು ಇಲ್ಲಿ ದಕ್ಕುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್ ಚಳಿಯಲ್ಲಿ ತಿಣುಕುತ್ತದೆ, ಸೆಕೆಯಲ್ಲಿ ಚೆನ್ನಾಗಿ ದುಡಿಯುತ್ತದೆ. ಮಾರುವವರ ಅಂಕಿಯಲ್ಲಿ ಮಾತ್ರ ಎಚ್ಚರ ಬೇಕು. ದಿನಕ್ಕೆ ಇಷ್ಟು ಲೀಟರ್ ಎಂಬುದನ್ನು ಹಲವರು 30 ಡಿಗ್ರಿ, ಶೇ 80 ಆರ್ದ್ರತೆಯಲ್ಲಿ ಅಳೆದು ಬರೆಯುತ್ತಾರೆ. ಕೋಣೆ ಒಣಗುತ್ತ ಬಂದಂತೆ ಅದು ಅರ್ಧಕ್ಕೂ ಕೆಳಗಿಳಿಯಬಹುದು. ಕಿಟಕಿ ಬಾಗಿಲು ಮುಚ್ಚಿ, ಸಂದಿಗಳಿಗೆ ಪ್ಲಾಸ್ಟಿಕ್ ಕಟ್ಟದೆ ಯಂತ್ರ ಹಚ್ಚಿದರೆ ಅರಬ್ಬಿ ಸಮುದ್ರವನ್ನೇ ಒಣಗಿಸಲು ಹೊರಟಂತೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಾಖ ಬೇಕು, ನೆರೆಯ ಮರುದಿನ ಕರೆಂಟು ಇರುವುದೇ ಅಪರೂಪ. ನವೆಂಬರಿನಿಂದ ಫೆಬ್ರುವರಿವರೆಗೆ ಒಳನಾಡಿನ ಒಣ ಗಾಳಿ ಪುಕ್ಕಟೆ ಸಿಗುತ್ತದೆ. ಬೆಂಗಳೂರು, ಬೆಳಗಾವಿಯ ಮನೆಗಳಿಗೆ ಅಲ್ಲಿಯವರೆಗೆ ಗಾರೆ ಕೆತ್ತಿ, ಬಣ್ಣ ಬಳಿಯದೆ ಕಾಯುವುದು ಎಷ್ಟೋ ಸಲ ಯಂತ್ರಕ್ಕಿಂತ ಲೇಸು.

ಯಾವಾಗ ಒಣಗಿತು ಎಂದು ಹೇಳುವುದೇ ಈ ಕಸುಬಿನ ತಿರುಳು. ಎರಡು ಮುಳ್ಳಿನ ಅಗ್ಗದ ಮೀಟರು ಮರಕ್ಕೆಂದು ಮಾಡಿದ್ದು, ಉಪ್ಪು ಕೂತ ಇಟ್ಟಿಗೆಯಲ್ಲಿ ಇಲ್ಲದ ತೇವ ತೋರಿಸುತ್ತದೆ. ಗೋಡೆ ಕೊರೆದು ತೆಗೆದ ಪುಡಿಗೆ ಕಾರ್ಬೈಡ್ ಬೆರೆಸಿ, ಹುಟ್ಟುವ ಅನಿಲದ ಒತ್ತಡ ಅಳೆಯುವ ವಿಧಾನ ಹೆಚ್ಚು ನೆಚ್ಚಬಹುದಾದ್ದು. ಮಾವು ಹಣ್ಣು ಮಾಡಿ ಕುಖ್ಯಾತವಾದ ಅದೇ ಕಾರ್ಬೈಡ್. ಉಪಕರಣ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಣ್ಣು ಪರೀಕ್ಷೆಯ ಲ್ಯಾಬುಗಳಲ್ಲಿ ಹೊಸದೇನಲ್ಲ. ಅದೂ ಇಲ್ಲದಿದ್ದರೆ ಗೋಡೆಗೆ ಒಂದು ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿ ಬಿಟ್ಟು ನೋಡಬಹುದು: ಬೆಳಿಗ್ಗೆ ಒಳಗೆ ಹನಿ ಕಂಡರೆ ಪೇಂಟರಿಗೆ ಬರಬೇಡವೆನ್ನಿ.

ಕಸುಬು ಬೇರೂರಲು ಸರಿಯಾದ ಜಾಗ ವಿಮೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆವಿಮೆ ಕೊಡಬೇಕೆಂಬ ನಿಯಮ ಬಂತು. ನೆರೆ, ಜಲಾವೃತ, ಟ್ಯಾಂಕು ಪೈಪು ಒಡೆದ ಹಾನಿ ಅದರಲ್ಲಿ ಸೇರುತ್ತದೆ. ಅವಶೇಷ ತೆರವಿಗೆ ಕ್ಲೇಮಿನ ಶೇ 2, ವಾಸ್ತುಶಿಲ್ಪಿ, ಎಂಜಿನಿಯರ್, ಸರ್ವೇಯರ್ ಶುಲ್ಕಕ್ಕೆ ಶೇ 5 ಎಂದು ಬಿಡಿಸಿ ಬರೆದಿದೆ. ಒಣಗಿಸುವ ಖರ್ಚಿಗೂ ಹೀಗೊಂದು ಸಾಲು ಸೇರಿ, ಬಿಲ್ಲಿನ ಜೊತೆಗೆ ಮೊದಲ ದಿನದ ಮತ್ತು ಕೊನೆಯ ದಿನದ ತೇವದ ಅಂಕಿಯನ್ನು ವಿಮೆಯವರು ಕೇಳತೊಡಗಿದರೆ, ಅದನ್ನು ಅಳೆದು ಬರೆದು ಸಹಿ ಹಾಕಬಲ್ಲವರು ಬೇಕಾಗುತ್ತಾರೆ. ಅಮೆರಿಕದ ಕಾರ್ಪೆಟ್ ತೊಳೆಯುವವರು ಮೀಟರು ಹಿಡಿಯುವುದನ್ನು ಕಲಿತದ್ದರಲ್ಲಿ ಕ್ಲೇಮು ಪಾಸಾಗಬೇಕೆಂಬ ಒತ್ತಡದ ಪಾಲು ದೊಡ್ಡದಿತ್ತು.